ಒಪ್ಪತ್ತಿನ ಕಾಕು

ಹೋದ ತಿಂಗಳು ಸಂಕಷ್ಟಿಯ ದಿನ ಸೊಲ್ಲಾಪುರದ ನಮ್ಮ ಮನೆಯ ಅಡುಗೆಮನೆಯಲ್ಲಿ ಮೂರು ಜನ ಹೆಂಗಸರಿದ್ದೆವು. ಒಲೆಯ ಮುಂದೆ ನಾನು. ಬಾಗಿಲ ಹತ್ತಿರ ಕಾಲು ಚಾಚಿ ಕುಳಿತ ನನ್ನ ನಾದಿನಿ. ಕಟ್ಟೆಗೆ ಆತು ನಿಂತು ಮೊಬೈಲು ನೋಡುತ್ತಿದ್ದ ನನ್ನ ಮಗಳು. ನಾದಿನಿಯ ಉಪವಾಸಕ್ಕೆ ಸಾಬೂದಾಣಿ ಖಿಚಡಿ ಮಾಡಬೇಕೆಂದು ಶೇಂಗಾ ಹುರಿಯುತ್ತಿದ್ದೆ. ಸಿಪ್ಪೆ ಚಟಪಟ ಒಡೆದು ಆ ಬೆಚ್ಚನೆಯ ವಾಸನೆ ಮನೆ ತುಂಬ ಏಳತೊಡಗಿತ್ತು.

ನಾದಿನಿ ನನ್ನ ಮಗಳನ್ನು ಮೇಲಿಂದ ಕೆಳಗೆ ನೋಡಿ ಅಂದಳು: "ನೀನೂ ಹಿಡಿಯವ್ವಾ ಚತುರ್ಥಿ. ದೇವರ ಹೆಸರೂ ಆಗ್ತದ, ಮೈನೂ ಇಳೀತದ."

"ಆತ್ಯಾ, ಖಿಚಡಿ ಆದ ಮ್ಯಾಲ ನಿಮ್ಮ ತಾಟು ಒಮ್ಮಿ ನೋಡ್ಕೋರಿ. ಅದು ಉಪಾಸದ್ದೋ, ಮದಿವಿ ಮನೀದೋ?" ಎಂದು ಮಗಳು ತಿರುಗಿಸಿ ಕೊಟ್ಟಳು.

ನಾದಿನಿ ನಕ್ಕಳು, ನಾನೂ ನಕ್ಕೆ. ಆದರೆ ಬಾಣಲೆಯೊಳಗಿನ ಕೈ ನಿಂತುಬಿಟ್ಟಿತ್ತು. ದೇವರ ಹೆಸರೂ ಆಗ್ತದ, ಮೈನೂ ಇಳೀತದ... ಇದೇ ಮಾತನ್ನು, ಇದೇ ಅಕ್ಕರೆಯ ಧ್ವನಿಯಲ್ಲಿ, ನನ್ನ ಅತ್ತೆ ಒಬ್ಬರಿಗೆ ಹೇಳಿದ್ದರು. ಪಕ್ಕದಲ್ಲಿ ನಾನೂ ಕುಳಿತಿದ್ದೆ. ಶೇಂಗಾ ಒಂದು ಬದಿ ಕರಕಾಗಿದೆ ಎಂದು ಮಗಳು ಕೂಗಿದ ಮೇಲೆಯೇ ನನಗೆ ಎಚ್ಚರ.

ನಾನು ದುಧನಿಯಿಂದ ಸೊಸೆಯಾಗಿ ಬಂದದ್ದು ಗಿರಣಿಯ ಕೆಲಸಗಾರರ ಹಳೆಯ ಚಾಳಿಗೆ. ಎದುರುಬದುರು ಎರಡು ಸಾಲು ಕೋಣೆಗಳು, ನಡುವೆ ಒಂದು ನಲ್ಲಿ, ಒಂದು ಬೇವಿನ ಗಿಡ. ನಮ್ಮ ಬಾಗಿಲಿಗೆ ಸರಿಯಾಗಿ ಎದುರಿಗೆ ಕಾಕುವಿನ ಬಾಗಿಲು. ಸಂಬಂಧದಿಂದ ಕಾಕು, ಅಂದರೆ ಚಿಕ್ಕಮ್ಮ, ಅಲ್ಲ. ಚಾಳಿಗೆಲ್ಲ ಅವರು ಕಾಕು, ಅಷ್ಟೇ. ಅವರ ಗಂಡ ಟಾವೆಲ್ ನೇಯುವ ಮಗ್ಗದ ಕೆಲಸದವರು. ಮಗ್ಗದ ಸದ್ದಿಗೆ ಕಿವಿ ಮಂದವಾಗಿದ್ದ ಆ ಕಾಕಾನ ಜೊತೆ ಮಾತಾಡಿ ಆಡಿ ಕಾಕುವಿನ ದನಿಯೂ ದೊಡ್ಡದಾಗಿತ್ತು. "ಉಪ್ಪು ಹಾಕ್ಲೇನ್ರೀ?" ಎಂದು ಅವರು ಗಂಡನನ್ನು ಕೇಳಿದರೆ ಚಾಳಿನ ಆ ತುದಿಯಿಂದ ಯಾರಾದರೂ "ಹಾಕ್ರಿ ಕಾಕೂ, ಹಾಕ್ರಿ" ಎಂದು ಉತ್ತರ ಕೊಡುತ್ತಿದ್ದರು. ಸಂಜೆ ಗಂಡಹೆಂಡತಿ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಬಾಗಿಲು ತೆರೆದೇ ಇರುತ್ತಿತ್ತು. ಮಕ್ಕಳಿರಲಿಲ್ಲ. ಅದರ ಮಾತು ಅವರೂ ತೆಗೆಯುತ್ತಿರಲಿಲ್ಲ, ಅವರ ಮುಂದೆ ನಾವೂ ತೆಗೆಯುತ್ತಿರಲಿಲ್ಲ.

ಕಾಕು ತುಂಬಿದ ಮೈಯವರು. ಹಣೆಯಲ್ಲಿ ಕಾಸಿನಗಲ ಕುಂಕುಮ, ಮೊಳಕೈವರೆಗೆ ಹಸಿರು ಬಳೆ. ಅವರನ್ನು ನೋಡಿದವರು "ಲಕ್ಷ್ಮಿ ನಡದು ಬಂದಂಗ ಕಾಣ್ತದ" ಅನ್ನುತ್ತಿದ್ದರು. ನಮ್ಮ ಕಡೆ ಶ್ರಾವಣದ ಶುಕ್ರವಾರಗಳಲ್ಲಿ, ಇಲ್ಲವೆ ಯಾವುದಾದರೂ ಹರಕೆ ತೀರಿದ ದಿನ, ಐದು ಜನ ಮುತ್ತೈದೆಯರನ್ನು ಕರೆದು ಉಣಿಸುವ ಪದ್ಧತಿ. ಕಾಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿ, ಹೋಳಿಗೆ ಬಡಿಸಿ, ಅವರು ಸಾಕೆಂದರೂ ಬಿಡದೆ ಇನ್ನೊಂದು ಹಾಕಬೇಕು. ಆ ಹೊತ್ತಿಗೆ ಉಣ್ಣುತ್ತಿರುವವಳು ಬರಿಯ ಹೆಂಗಸಲ್ಲ, ದೇವಿ. ದೇವಿ ತಾಟಿನಲ್ಲಿ ಬಿಟ್ಟು ಎದ್ದರೆ ಮನೆಗೆ ಒಳ್ಳೆಯದಲ್ಲ. ಹಾಗಾಗಿ ಬಡಿಸಿದ್ದನ್ನು ಬಿಡದೆ ಉಣ್ಣುವ ಕಾಕುವಿಗೆ ನಾಲ್ಕೂ ದಿಕ್ಕಿನಿಂದ ಕರೆ ಬರುತ್ತಿತ್ತು. ಕೆಲವು ಶುಕ್ರವಾರ ಎರಡೆರಡು ಮನೆ.

"ಕಾಕು ಉಂಡ್ರ ದೇವಿ ಉಂಡಂಗ," ಅನ್ನುತ್ತಿದ್ದರು ನನ್ನ ಅತ್ತೆ.

"ದೇವಿಗೆ ತನ್ನದ ಹೊಟ್ಟಿ ಇಲ್ಲೇನ್ರಿ ಅಕ್ಕಾ? ಯಾವಾಗ ನೋಡಿದ್ರೂ ನಂದ ಕಡಾ ಕೇಳ್ತಾಳ," ಎಂದು ಕಾಕು ಸೆರಗಿನಿಂದ ಬೆವರೊರೆಸಿಕೊಂಡು ನಗುತ್ತಿದ್ದರು. ನಗುತ್ತಲೇ ಮೂರನೆಯ ಹೋಳಿಗೆ, ನಾಲ್ಕನೆಯ ಹೋಳಿಗೆ... ಅವರಿಗೆ ನಿಜವಾಗಿ ಸಾಕಾಗಿದೆಯೇ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಸಾಕು ಎಂಬ ಮಾತಿಗೆ ಆ ಪಂಕ್ತಿಯಲ್ಲಿ ಬೆಲೆಯಿರಲಿಲ್ಲ.

ಒಂದು ಮಧ್ಯಾಹ್ನ ಮಗ್ಗದ ಮುಂದೆಯೇ ಎದೆ ಹಿಡಿದುಕೊಂಡು ಕುಳಿತ ಕಾಕಾ ಮತ್ತೆ ಏಳಲಿಲ್ಲ.

ಆ ವರ್ಷದ ಶ್ರಾವಣಕ್ಕೆ ನಮ್ಮ ಮನೆಯಲ್ಲಿಯೂ ಮುತ್ತೈದೆಯರ ಊಟವಿತ್ತು. ಕಾಕುವಿನ ಜಾಗಕ್ಕೆ ಹಿಂದಿನ ಗಲ್ಲಿಯಿಂದ ಬೇರೊಬ್ಬರು ಬಂದರು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ಹಾಗೆಯೇ ನಡೆದುಬಂದದ್ದು. ಎದುರಿನ ಬಾಗಿಲು ಅರ್ಧ ತೆರೆದಿತ್ತು. ಹೋಳಿಗೆ ಬೇಯುವ ವಾಸನೆ ಆ ಬಾಗಿಲ ಒಳಗೂ ಹೋಗಿಯೇ ಇರಬೇಕು. ಎಲ್ಲ ಮುಗಿದ ಮೇಲೆ ಅತ್ತೆ ಒಂದು ತಾಟು ತುಂಬಿ, ಮೇಲೊಂದು ತಾಟು ಮುಚ್ಚಿ, "ತಂಗೀಗೆ ಕೊಟ್ಟ ಬಾ" ಎಂದು ನನ್ನ ಕೈಗೆ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು, ಸುಳ್ಳಲ್ಲ. ಕಾಕು ಗೋಡೆಗೆ ಒರಗಿ ಕುಳಿತಿದ್ದರು. "ಅಲ್ಲೇ ಇಡು ಸೂನಬಾಯಿ" ಎಂದರು. ಸೂನಬಾಯಿ ಎಂದರೆ ಸೊಸೆ, ಅವರು ನನ್ನನ್ನು ಕರೆಯುತ್ತಿದ್ದದ್ದು ಹಾಗೆ. ಅಷ್ಟು ಸಣ್ಣ ದನಿ ಅವರದೆಂದು ನನಗೆ ಗೊತ್ತಿರಲಿಲ್ಲ. ಕಿವಿ ಮಂದವಿದ್ದ ಮನುಷ್ಯ ಹೋದ ಮೇಲೆ ದೊಡ್ಡ ದನಿಯೂ ಬೇಕಿರಲಿಲ್ಲ.

ಒಂದು ವರ್ಷದೊಳಗೆ ಕಾಕುವಿನ ಮೈ ಎದ್ದಿತು. ಹಳೆಯ ಕುಪ್ಪಸಗಳಾವುವೂ ಆಗದಾದವು. ನಲ್ಲಿಯಿಂದ ಕೊಡ ಹೊತ್ತು ಬರುವಷ್ಟರಲ್ಲಿ ಏದುಸಿರು. ಚಾಳಿನಲ್ಲಿ ಮಾತು ಹುಟ್ಟಿತು. "ಗಂಡ ಹೋದ ದುಃಖಕ್ಕ ಮಂದಿ ಸೊರಗತಾರ, ಈಕಿ ನೋಡ್ರಿ, ಉಬ್ಬಾಕತ್ಯಾಳ," ಎಂದವರಲ್ಲಿ ಅವರಿಗೆ ನಾಲ್ಕನೆಯ ಹೋಳಿಗೆ ಹಾಕಿದವರೂ ಇದ್ದರು. ಎಷ್ಟು ಉಂಡರೆ ಮನೆಗೆ ಶುಭವೋ ಅಷ್ಟೇ ಉಂಡರೆ ಈಗ ನಾಚಿಕೆಗೇಡು... ಈ ತಿರುವು ಒಂದೇ ದಿನದಲ್ಲಿ ಆದದ್ದು. ಕುಂಕುಮ ಅಳಿಸಿದ ದಿನ.

ಆಗ ಅತ್ತೆ ಅವರಿಗೆ ಒಪ್ಪತ್ತು ಹೇಳಿದ್ದು. ದಿನಕ್ಕೆ ಒಂದೇ ಊಟ. ಸೋಮವಾರ, ಏಕಾದಶಿಗೆ ಅದೂ ಇಲ್ಲ. "ಹಿಡಿ ತಂಗಿ. ದೇವರ ಹೆಸರೂ ಆಗ್ತದ, ಮೈನೂ ಇಳೀತದ. ಬಾಯಿ ಆಡ್ಸೋರ ಬಾಯೀನೂ ಮುಚ್ಚತಾವ."

ಕಾಕು ಹಿಡಿದರು. ಬೆಳಗಿನಿಂದ ಬರಿಯ ಚಹಾ. ಒಂದೆರಡು ತಿಂಗಳಲ್ಲಿ ಮೈ ಇಳಿದದ್ದು ನಿಜ. ಎಲ್ಲರೂ ಹೊಗಳಿದರು. ಅತ್ತೆಯಂತೂ ತಮ್ಮದೇ ಔಷಧ ಎಂಬಂತೆ ಬೀಗಿದರು. "ಒಪ್ಪತ್ತಿನ ಕಾಕು" ಎಂಬ ಹೆಸರು ಬಿದ್ದದ್ದು ಆಗಲೇ. ಆಮೇಲೆ ಯಾಕೋ ಮತ್ತೆ ಮೈ ಏರಿತು, ಮೊದಲಿಗಿಂತ ಹೆಚ್ಚು. ಒಪ್ಪತ್ತು ಬಿಟ್ಟಿರಲಿಲ್ಲ. ಎಲ್ಲರೂ ಕಣ್ಣಾರೆ ನೋಡುತ್ತಿದ್ದರು, ಒಂದೇ ಊಟ, ಒಂದೂವರೆ ರೊಟ್ಟಿ. "ವಾತದ ಮೈ" ಎಂದು ಕೆಲವರು. "ಕದ್ದು ತಿಂತಾಳ" ಎಂದು ಕೆಲವರು.

ಒಂದು ದಿನ ಹಿಟ್ಟಿನ ಜರಡಿ ಕೇಳಲು ಮಟಮಟ ಮಧ್ಯಾಹ್ನ ಅವರ ಮನೆಗೆ ಹೋದೆ. ಬಾಗಿಲು ಸುಮ್ಮನೆ ಮುಚ್ಚಿತ್ತು. ದೂಡಿದೆ. ಕಾಕು ಡಬ್ಬಿಗಳ ಮುಂದೆ ನಿಂತೇ ತಿನ್ನುತ್ತಿದ್ದರು. ಒಣಗಿದ ಕಡಕ್ ರೊಟ್ಟಿಯನ್ನು ಮುರಿದು ಬೆಲ್ಲದ ಜೊತೆ, ಹಸಿ ಶೇಂಗಾ, ಸುಡದ ಹಪ್ಪಳ, ಕೈಗೆ ಸಿಕ್ಕದ್ದು. ರುಚಿ ನೋಡುವ ತಿನ್ನುವಿಕೆ ಅಲ್ಲ ಅದು. ಹಸಿದವರು ಉಣ್ಣುವಂಥದ್ದೂ ಅಲ್ಲ. ಯಾರೋ ಹಿಂದೆ ನಿಂತು ಬೇಗ, ಬೇಗ ಎಂದು ದೂಡುತ್ತಿರುವಂತೆ... ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ.

ನನ್ನನ್ನು ಕಂಡು ಅವರು ಕೆಳಗೆ ಕುಳಿತುಬಿಟ್ಟರು. ನಾನು ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ಅಂದರು: "ಹಸಿವಿ ಅಲ್ಲ ಸೂನಬಾಯಿ. ಹೊಟ್ಟಿ ತುಂಬಿ ಒಡ್ಯಾಕತ್ತಿರ್ತದ, ಕೈ ಮಾತ್ರ ನಿಲ್ಲಂಗಿಲ್ಲ. ತಿನ್ನೋವಾಗ ಒಂದ್ ಗಳಿಗಿ ಒಳಗ ಎಲ್ಲಾ ಸುಮ್ಮಗಾಗ್ತದ. ಮನ್ಯಾಗ ಯಾರೂ ಇಲ್ಲ ಅನ್ನೂದ ಮರೀತದ. ಆಮ್ಯಾಲ ನನ್ನ ಮಾರಿ ನನಗ ನೋಡ್ಕೊಳ್ಳಾಕ ಆಗೂದಿಲ್ಲ. ನಾಳಿಂದ ನೀರೂ ಮುಟ್ಟಂಗಿಲ್ಲ ಅಂತೀನಿ. ಮುಟ್ಟೂದೂ ಇಲ್ಲ, ಎರಡ ದಿವಸ. ಮೂರನೇ ದಿವಸ ಮತ್ತ ಹಿಂಗ."

ಇದೆಲ್ಲವನ್ನೂ ನಾನು ಅತ್ತೆಗೆ ಹೇಳಿದೆ, ಕಾಕುವನ್ನು ಕೇಳಿಯೇ ಹೇಳಿದೆ. ಅತ್ತೆ ಬೈಯಲಿಲ್ಲ, ನಗಲಿಲ್ಲ. ಸೆರಗು ಬಾಯಿಗೆ ಹಿಡಿದುಕೊಂಡು ಕೇಳಿದರು. ಒಳ್ಳೆಯ ಜೀವ ಅವರದು. ಆದರೆ ಒಳ್ಳೆಯ ಜೀವಕ್ಕೆ ತಿಳಿದಿದ್ದ ದಾರಿ ಒಂದೇ. "ಬರೇ ಒಪ್ಪತ್ತಿಗೆ ಬಗ್ಗೂದಿಲ್ಲ ಇದು. ಅಕ್ಕಲಕೋಟಕ್ಕ ಹೋಗಿ ಸ್ವಾಮಿಗಳಿಗೆ ಹರಕಿ ಹೊರೂನು," ಎಂದರು.

ಮುಂದಿನ ಗುರುವಾರ ಮೂವರೂ ಎಸ್‌ಟಿ ಬಸ್ಸು ಹತ್ತಿದೆವು. ಮೂರು ಜನರ ಸೀಟಿನ ಅಂಚಿನಲ್ಲಿ ಕಾಕು ಅರ್ಧ ಹೊರಗೇ ಕುಳಿತರು, ನಮಗೆ ಇಕ್ಕಟ್ಟಾದೀತೆಂದು. ಹಿಂದಿನಿಂದ ಯಾವನೋ ಮರಾಠಿಯಲ್ಲಿ, ಈ ಮಾವಶಿಗೆ ಎರಡು ಟಿಕೀಟು ಹರಿಯಿರಿ ಎಂದ. ಬಸ್ಸಿನಲ್ಲಿ ನಗೆ ಎದ್ದಿತು. ಕಾಕುವೂ ನಕ್ಕರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ. ಅವರು ಹಾಗೆ ನಗುವುದನ್ನು ಎಲ್ಲಿ ಕಲಿತರು ಎಂದು ಈಗ ಯೋಚಿಸುತ್ತೇನೆ...

ದರ್ಶನ ಮುಗಿಸಿ ಪ್ರಸಾದದ ಪಂಕ್ತಿಯಲ್ಲಿ ಕುಳಿತೆವು. ಗುರುತು ಪರಿಚಯವಿಲ್ಲದ ನೂರಾರು ಜನ. ಅಲ್ಲಿ ಯಾರೂ ಯಾರ ಹಣೆಯನ್ನೂ ನೋಡುತ್ತಿರಲಿಲ್ಲ. ಕಾಕುವಿನ ಆ ಬದಿಗೆ ಮಂಗಳವೇಢೆ ಕಡೆಯ ಒಬ್ಬ ಮುದುಕಿ. ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದಿದ್ದ, ಕುರಿ ಸಾಕುವ ಮನೆಯಾಕೆ.

"ಯಾವೂರಾಕಿ ನೀ, ಎಲವ್ವಾ?" ಎಂದು ಆಕೆ ಶುರುಮಾಡಿದಳು.

"ಈಗ ಸೊಲ್ಲಾಪುರ. ತವರು ಇಲ್ಲೇ, ಅಕ್ಕಲಕೋಟದ ಆಚಿಗೆ. ನಮ್ಮಪ್ಪಂದೂ ಕುರಿ ಹಟ್ಟೀನ ಇತ್ತ," ಎಂದರು ಕಾಕು.

ಅಷ್ಟೇ ಸಾಕಾಯಿತು. ಮರಿ ಹಾಕಿದ ಕುರಿಗೆ ಏನು ತಿನ್ನಿಸಬೇಕು, ಉಣ್ಣೆ ಕತ್ತರಿಸುವಾಗ ಒದ್ದಾಡುವ ಟಗರನ್ನು ಹೇಗೆ ಹಿಡಿಯಬೇಕು, ಬೀರಪ್ಪನಿಗೆ ಬಿಟ್ಟ ಮರಿ ಕಳೆದುಹೋದರೆ ಏನು ಗತಿ... ಇಬ್ಬರೂ ಉಣ್ಣುತ್ತ ಮಾತಾಡಿದರು, ಮಾತಾಡುತ್ತ ಉಂಡರು. ಬಡಿಸುವ ಹುಡುಗ ಮತ್ತೊಮ್ಮೆ ಅನ್ನದ ಬುಟ್ಟಿ ತಂದಾಗ ಕಾಕು ತಾಟಿನ ಮೇಲೆ ಕೈ ಅಡ್ಡ ಹಿಡಿದು "ಸಾಕಪ್ಪಾ, ತುಂಬಿತು" ಎಂದರು. ಹುಡುಗ ಸುಮ್ಮನೆ ಮುಂದೆ ಹೋದ. ಕಾಕು ಸಾಕು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಸಾಕನ್ನು ಒಬ್ಬರು ಒಪ್ಪಿಕೊಂಡದ್ದನ್ನು ನೋಡಿದ್ದೂ ಅದೇ ಮೊದಲು. ಕೈ ತೊಳೆಯಲು ಏಳುವಾಗ ದನಿ ಕೂಡ ಹಳೆಯ ಗಾತ್ರಕ್ಕೆ ಬಂದಿತ್ತು.

ಮದ್ದು ನಮ್ಮ ಕಣ್ಣ ಮುಂದೆಯೇ ಬಡಿಸಿಟ್ಟಂತೆ ಇತ್ತು. ನಾವು ಅದನ್ನು ದೇವರ ಪ್ರಸಾದದ ಗುಣ ಎಂದುಕೊಂಡು ಎದ್ದೆವು. ಹೊರಗೆ ಬಂದು ಅತ್ತೆ ಕಾಕುವಿನ ಕೈಯಲ್ಲಿ ತೆಂಗಿನಕಾಯಿ ಹಿಡಿಸಿ ಹರಕೆ ಹೇಳಿಸಿದರು. ವರ್ಷದ ಎಲ್ಲ ಗುರುವಾರ ಸಂಜೆಯ ಆರತಿಯವರೆಗೆ ಹನಿ ನೀರೂ ಬಾಯಿಗಿಲ್ಲ. ಉಳಿದ ದಿನ ಒಪ್ಪತ್ತು ಇದ್ದೇ ಇತ್ತು.

ಮಳೆಗಾಲ ಕಳೆಯುವ ಮೊದಲೇ ಕಾಕು ನಲ್ಲಿಯ ಹತ್ತಿರ ಕಣ್ಣುಕತ್ತಲೆ ಬಂದು ಬಿದ್ದರು. ಗುರುವಾರವೇ. ದವಾಖಾನೆಯಲ್ಲಿ ಸಕ್ಕರೆ ಕಾಯಿಲೆಯೂ ಇದೆ ಎಂದರು. ಅಲ್ಲಿನ ಡಾಕ್ಟರಬಾಯಿ ವಯಸ್ಸಿನಲ್ಲಿ ಸಣ್ಣವಳು. ಮರಾಠಿ, ಕನ್ನಡ ಎರಡನ್ನೂ ಕಲೆಸಿ ಮಾತಾಡುತ್ತಿದ್ದಳು. ಏನು ತಿಂತೀರಿ ಎಂದು ಎಲ್ಲರೂ ಕೇಳುತ್ತಾರೆ. ಆಕೆ, ತಿಂದ ಮೇಲೆ ಮನಸ್ಸಿಗೆ ಹೇಗಾಗುತ್ತದೆ ಎಂದು ಕೇಳಿದಳು. ಕಾಕು ಒಮ್ಮೆ ನನ್ನ ಕಡೆ ನೋಡಿ, ಅಂದು ನನಗೆ ಹೇಳಿದ್ದನ್ನೆಲ್ಲ ಹೇಳಿದರು.

"ಕಾಕೂ, ಇದು ಹೊಟ್ಟಿಬಾಕತನ ಅಲ್ರಿ," ಎಂದಳು ಡಾಕ್ಟರಬಾಯಿ. "ಇದೊಂದು ಬ್ಯಾನಿ. ನೀವೊಬ್ರ ಅಲ್ಲ, ಭಾಳ ಮಂದಿಗಿ ಇರ್ತದ. ನಾಚಿಕಿ ಪಡೋ ಮಾತ ಅಲ್ಲ. ಎಷ್ಟ ಉಪಾಸ ಮಾಡ್ತೀರಿ ಅಷ್ಟ ಜೋರಲೆ ಅದು ತಿರುಗಿ ಬರ್ತದ, ವಜನಾನೂ ಹಂಗ ಇಳ್ದು ಏರ್ತದ. ಉಪಾಸ ಬಿಡ್ರಿ. ಹೊತ್ತ ಹೊತ್ತಿಗಿ ಸರಿಯಾಗಿ ಉಣ್ರಿ, ಆದಷ್ಟು ಯಾರರೆ ಜೋಡಿ ಕೂತ ಉಣ್ರಿ. ಮನಸಿನ ಡಾಕ್ಟರ ಹಂತೇಕ ಒಮ್ಮಿ ಕಳಸ್ತೀನಿ, ಹೋಗ್ರಿ."

ಮೂವರೂ ರಿಕ್ಷಾದಲ್ಲಿ ಬಂದೆವು. ಚಾಳಿನ ಮುಂದೆ ಇಳಿದ ಮೇಲೆ ಕಾಕು ಬೇವಿನ ಗಿಡದ ಕೆಳಗೆ ನಿಂತು ಅತ್ತೆಯ ಕೈ ಹಿಡಿದರು. ಬೇಡುವವರ ಹಾಗೆ ಅಲ್ಲ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತನ್ನು ಡಾಕ್ಟರಬಾಯಿಯ ಬಲದಿಂದ ಆಡುವವರ ಹಾಗೆ.

"ಅಕ್ಕಾ, ದಿನಾ ಎರಡೂ ಹೊತ್ತ ನಾ ನಿಮ್ಮ ಮನ್ಯಾಗ ಬಂದ ಉಣ್ಲೇನ್ರಿ? ನನ್ನ ರೊಟ್ಟಿ ಪಲ್ಯಾ ನಾನ ಮಾಡ್ಕೊಂಡ ತರ್ತೀನಿ. ನಿಮ್ಮ ಬಾಜೂಕ ಕೂಡ್ತೀನಿ, ಅಷ್ಟ."

ಅತ್ತೆಯ ಕಣ್ಣು ತುಂಬಿತು. "ಅಯ್ಯ ತಂಗಿ, ಅದಕ್ಕ ಕೇಳ್ತಿಯೇನ? ನಿಂದ ಮನಿ ಅದು." ಆಮೇಲೆ ಕಣ್ಣೊರೆಸಿಕೊಂಡು ಅಂದರು: "ಆದ್ರ ಬಾಯಿ ಬಿಟ್ಟ ಹರಕಿ ಹೇಳೇವಿ. ನಡುವ ಮುರದ್ರ ನಿನಗ ಕೆಟ್ಟ ಆದೀತು ಅಂತ ಅಂಜಿಕಿ ನನಗ. ಇದೊಂದ ವರ್ಷ ಮುಗೀಲಿ, ಆಮ್ಯಾಲ ದಿನಾ ಕೂಡೇ ಉಣ್ಣೂನು."

ಕಾಕು ತಲೆಯಾಡಿಸಿದರು. ಕೈ ಬಿಟ್ಟು ತಮ್ಮ ಬಾಗಿಲ ಕಡೆ ಹೋದರು. ಮನಸ್ಸಿನ ಡಾಕ್ಟರ ಹತ್ತಿರವೂ ಯಾರೂ ಕರೆದುಕೊಂಡು ಹೋಗಲಿಲ್ಲ. ಹುಚ್ಚಿ ಎಂಬ ಹೆಸರೊಂದು ಕಡಿಮೆಯಿತ್ತು, ಅದೂ ಬರುತ್ತದೆ ಎಂದು ಅಂಜಿದವರೇ ಎಲ್ಲರೂ. ಆ ಬೇವಿನ ಗಿಡದ ಕೆಳಗಿನ ಮಾತನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ... ಅತ್ತೆ ಕೆಟ್ಟವರಾಗಿದ್ದರೆ ಸುಲಭವಿತ್ತು. ಅವರಿಗೆ ಕಾಕುವಿನ ಮೇಲೆ ಪ್ರೀತಿಯಿತ್ತು, ಆ ಪ್ರೀತಿಗೆ ದೇವರ ಭಯವಿತ್ತು. ಆ ಸಂಜೆ ಒಂದೇ ಒಂದು ತಾಟು ಹೆಚ್ಚಿಗೆ ಇಟ್ಟಿದ್ದರೆ ಯಾವ ದೇವರು ಸಿಟ್ಟಾಗುತ್ತಿದ್ದ?

ದೀಪಾವಳಿಗೆ ಬಂದ ಕಾಕುವಿನ ಅಣ್ಣ, ತಂಗಿಯ ಸ್ಥಿತಿ ನೋಡಿ, ಅಕ್ಕಲಕೋಟದ ಆಚೆಯ ತಮ್ಮ ಊರಿಗೆ ಕರೆದೊಯ್ದ. ಹೋಗುವಾಗ ಕಾಕು ನಮ್ಮ ಹೊಸ್ತಿಲ ಮೇಲೆ ಕೈಯಿಟ್ಟು, "ಹರಕಿ ಮುಗಿಸ್ಕೊಂಡ ಬರ್ತೀನ್ರಿ ಅಕ್ಕಾ. ನನ್ನ ಜಾಗಾ ಹಿಡ್ದಿಡ್ರಿ," ಎಂದರು. ಮುಗಿಯಲು ಇನ್ನೂ ಗುರುವಾರಗಳು ಬಾಕಿ ಇರುವಾಗಲೇ ಊರಿಂದ ಫೋನು ಬಂತು. ನಿದ್ದೆಯಲ್ಲಿಯೇ ಹೋಗಿದ್ದರು.

ಈಗ ಆ ಚಾಳಿಲ್ಲ. ಅದರ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿದೆ, ಕೆಳಗೆ ಮೆಡಿಕಲ್ ಅಂಗಡಿ. ಅತ್ತೆಯೂ ಇಲ್ಲ. ಕೊನೆಕೊನೆಗೆ ಅವರು ಒಬ್ಬರೇ ಕುಳಿತು ಉಣ್ಣಲು ಒಪ್ಪುತ್ತಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದವರನ್ನು ಕೂಗಿ ಕರೆದು, ಬರಿಯ ಚಹಾ ಕೊಟ್ಟಾದರೂ ಎದುರಿಗೆ ಕೂಡಿಸಿಕೊಳ್ಳುತ್ತಿದ್ದರು. ಕಾಕುವಿನ ಮಾತು ಬಂದರೆ ಚಾಳಿನ ಹಳೆಯ ಮಂದಿ ಇಂದಿಗೂ ಅವರು ಎಷ್ಟು ಹೋಳಿಗೆ ಉಣ್ಣುತ್ತಿದ್ದರು ಎಂಬುದನ್ನೇ ನೆನೆಯುತ್ತಾರೆ. ನನಗೆ ನೆನಪಾಗುವುದು ಬೇರೆಯೇ ಒಂದು ದಿನ.

ಕಾಕುವಿನ ಹಾಲು ತುಪ್ಪದ ದಿನ ನಾನೂ ಅತ್ತೆಯೂ ಅವರ ಅಣ್ಣನ ಊರಿಗೆ ಹೋಗಿದ್ದೆವು. ಮಣ್ಣು ಮಾಡಿದ ಜಾಗಕ್ಕೆ ಎಡೆ ಒಯ್ಯಬೇಕು, ಅದರಲ್ಲಿ ಹೋದವರಿಗೆ ಬಹಳ ಇಷ್ಟವಾದ ತಿನಿಸು ಇರಲೇಬೇಕು. ಕಾಕುವಿನ ಅತ್ತಿಗೆ ನಸುಕಿನಿಂದ ಒಲೆಯ ಮುಂದೆಯೇ ಇದ್ದಳು. ನಮ್ಮನ್ನು ಕಂಡವಳೇ ಹೊರಗೆ ಬಂದು ಕೇಳಿದಳು: "ಇಷ್ಟ ವರ್ಷ ನೀವ ಬಾಜೂಕ ಇದ್ದವ್ರು. ಆಕಿಗೆ ಏನ ಭಾಳ ಸೇರತಿತ್ತ್ರಿ? ಮಾಡ್ತೀನಿ."

ಅತ್ತೆ ಬಾಯಿ ತೆರೆದರು. ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

"ಆಕಿ ಎಲ್ಲಾ ತಿಂತಿದ್ಲು," ಎಂದ ಅಣ್ಣ, ಕಟ್ಟೆಯ ಮೇಲಿನಿಂದ. ಅಂದವನು ತಲೆ ತಗ್ಗಿಸಿದ.

ಅತ್ತಿಗೆ ಒಳಗೆ ಹೋಗಿ, ಮನೆಯಲ್ಲಿ ಮಾಡಿದ್ದೆಲ್ಲವನ್ನೂ ಒಂದೊಂದು ತುತ್ತು ತೆಗೆದು ಎಲೆಗೆ ಇಟ್ಟುಕೊಂಡು ಬಂದಳು. ಅದನ್ನೇ ಒಯ್ದು ಇಟ್ಟು ಕೈಮುಗಿದು ಬಂದೆವು.